ಕುದುರೆಯ ಬೊಗಸೆ

ಮೆಕ್ಕೆಜೋಳದ ತೆನೆ ಮುರಿದು ಮುಗಿದ ಮೇಲೆ ಹಂಸಭಾವಿಯ ಸುತ್ತಿನ ಹೊಲಗಳು ಕೆಲವು ದಿನ ಸುಮ್ಮನೆ ಬಿದ್ದಿರುತ್ತವೆ. ಆ ದಿನಗಳಲ್ಲೇ ಎಂದಾದರೊಂದು ಬೆಳಿಗ್ಗೆ ಗುದ್ಲೆಪ್ಪನ ಕುರಿಹಿಂಡು ಬರುತ್ತದೆ. ಕೈಯಲ್ಲಿ ಫೋನಿದ್ದರೂ ಗುದ್ಲೆಪ್ಪ ಬರುವ ದಿನ ಹೇಳುವುದಿಲ್ಲ. ಹೇಳಿದ ದಿನಕ್ಕೆ ಕುರಿ ಬಂದು ಮುಟ್ಟುವುದಿಲ್ಲ ಎನ್ನುತ್ತಾನೆ. ಬದುವಿನ ಗುಂಟ ಧೂಳು ಏಳುತ್ತದೆ, ನಾಯಿ ಬೊಗಳುತ್ತದೆ, ಕುರಿಗಳೆಲ್ಲ ದಾಟಿದ ಮೇಲೆ ಕೊನೆಗೆ ಬಿಡಾರದ ಸಾಮಾನು ಹೊತ್ತ ಕುದುರೆ ಕಾಣಿಸುತ್ತದೆ. ಅದರ ಹಗ್ಗ ಹಿಡಿದವಳು ಗುದ್ಲೆಪ್ಪನ ಹೆಂಡತಿ ಹೊಳೆವ್ವ.

ರಾಯಬಾಗದ ಕಡೆಯ ಅವರು ದೀಪಾವಳಿಗೆ ಊರು ಬಿಟ್ಟರೆ ಮನೆ ಸೇರುವುದು ಮತ್ತೆ ಮುಂಗಾರಿನ ಹೊತ್ತಿಗೆ. ದಾರಿಯುದ್ದಕ್ಕೂ ರೈತರ ಹೊಲಗಳಲ್ಲಿ ಹಿಂಡು ನಿಲ್ಲಿಸುತ್ತಾರೆ. ರಾತ್ರಿ ಕುರಿ ಮಲಗಿದ ನೆಲಕ್ಕೆ ಹಿಕ್ಕೆ, ಗಂಜಲ ಸಿಗುತ್ತದೆ. ಅದಕ್ಕೆ ಬದಲು ಹೊಲದವರು ಕಾಳುಕಡಿ ಕೊಡುತ್ತಾರೆ. ಹಂಸಭಾವಿಯ ವೀರವ್ವನ ಗಂಡ ಮಹಾಲಿಂಗಪ್ಪನ ಹೊಲದಲ್ಲಿ ಹಿಂಡು ಐದು ರಾತ್ರಿ ನಿಲ್ಲುತ್ತದೆ. ಗಂಡಸರು ಕೊಟ್ಟು ತಗೊಳ್ಳುವುದೆಲ್ಲ ಹೊಲದಲ್ಲೇ ಮುಗಿಯುತ್ತದೆ. ಹೆಂಗಸರದು ಒಂದೇ ಒಂದು ಉಳಿಯುತ್ತದೆ, ಅದು ಕುದುರೆಯ ಬೊಗಸೆ.

ಹಿಂಡು ಹೊರಡುವ ಹಿಂದಿನ ದಿನ ಮನೆಯ ಹಿರಿಯ ಹೆಂಗಸು ರಾತ್ರಿಯೆಲ್ಲ ನೆನೆಸಿದ ಹುರುಳಿಯನ್ನು ಹೊಲಕ್ಕೆ ತಂದು ಕುದುರೆಗೆ ತನ್ನ ಬೊಗಸೆಯಿಂದಲೇ ತಿನ್ನಿಸಬೇಕು. ಹಿಂಡು ಎಷ್ಟು ರಾತ್ರಿ ನಿಂತಿತೋ ಅಷ್ಟು ಬೊಗಸೆ. ವೀರವ್ವನ ಅತ್ತೆ ಅದನ್ನು ಸಾಯುವ ವರ್ಷದವರೆಗೂ ತಪ್ಪಿಸಿರಲಿಲ್ಲ. ಆಕೆ ಅದಕ್ಕೆ ಇನ್ನೊಂದು ಕಟ್ಟುಪಾಡು ಹಾಕಿದ್ದಳು. "ಕುರಿ ನಮ್ಮ ನೆಲಕ್ಕ ಕೊಟ್ಟದ್ದನ್ನ ನಮ್ಮ ನೆಲಾನ ತಿರುಗಿ ಕೊಡಬೇಕ ನೋಡವಾ. ಸಂತ್ಯಾಗ ಕೊಂಡ ತಂದ ಕೊಟ್ರ ಅದು ಸಂತೀ ಬೊಗಸಿ ಆತು, ನಮ್ಮದಲ್ಲ."

ಅತ್ತೆಯ ಕಾಲದಲ್ಲಿ ಈ ಮಾತಿಗೆ ತೊಡಕಿರಲಿಲ್ಲ. ಪ್ರತಿ ಹೊಲದಲ್ಲೂ ಹುರುಳಿ ಇರುತ್ತಿತ್ತು. ಈಗ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಅದು ಬಿಟ್ಟರೆ ಹತ್ತಿ. ಮಹಾಲಿಂಗಪ್ಪ ಹುರುಳಿ ಬಿತ್ತುವುದು ಬಿಟ್ಟು ನಾಲ್ಕು ವರ್ಷವಾಗಿತ್ತು. ಕೊನೆಯ ಬೆಳೆಯದನ್ನು ವೀರವ್ವ ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟಿದ್ದಳು. ವರ್ಷಕ್ಕೊಮ್ಮೆ ಅದರಿಂದಲೇ ತೆಗೆದು ಬೊಗಸೆಯ ಪಾಳಿ ನಡೆಸಿದ್ದಳು.

ಈ ವರ್ಷ ಹಿಂಡು ಬಂದ ನಾಲ್ಕನೆಯ ದಿನ ಸಂಜೆ ಗಡಿಗೆಯ ಬಾಯಿ ಬಿಚ್ಚಿದರೆ ಕಾಳೇ ಇರಲಿಲ್ಲ. ನುಸಿ ತಿಂದು ಹಿಟ್ಟು ಮಾಡಿಟ್ಟಿತ್ತು. ವೀರವ್ವ ಗಡಿಗೆಯನ್ನು ಬೋರಲು ಹಾಕಿ ತಳ ಬಡಿದಳು. ಉದುರಿದ ಹಿಟ್ಟಿನಲ್ಲಿ ನಾಲ್ಕಾರು ತೂತು ಬಿದ್ದ ಕಾಳು.

"ಅದಕ್ಯಾಕಿಷ್ಟ ಸಣ್ಣ ಮಾರಿ ಮಾಡ್ತೀರಿ ಅತ್ತಿ?" ಎಂದಳು ಸೊಸೆ ಶೀಲಾ. "ಹಿರೇಕೆರೂರಾಗ ಯಾವ ಅಂಗಡ್ಯಾಗ ಕೇಳಿದ್ರೂ ಕೊಡ್ತಾರ. ಮಾವಾರ ಕೈಲೆ ಮುಂಜಾನೆ ತರಸೂಣು."

"ಕೊಂಡದ್ದು ನಡೆಯಂಗಿಲ್ಲ."

"ಕುದರಿ ಏನು ಚೀಲದ ಮ್ಯಾಲಿನ ಹೆಸರು ಓದತೈತೇನ್ರಿ?"

"ಕುದರಿ ಓದಂಗಿಲ್ಲ. ನಿಮ್ಮತ್ತೀ ಅತ್ತಿ ಓದತಾಳ," ಎಂದು ವೀರವ್ವ ಗೋಡೆಯ ಮೇಲಿನ ಫೋಟೋ ತೋರಿಸಿದಳು. ಇಬ್ಬರೂ ನಕ್ಕರು. ಆದರೆ ವೀರವ್ವನ ಮಾತು ನಗೆಯದಾಗಿರಲಿಲ್ಲ.

ಅವಳು ಹಿತ್ತಲಿಗೆ ಹೋಗಿ ನಿಂತಳು. ಮನೆಯ ನೆಲದಲ್ಲಿ ಬೆಳೆದ ಕಾಳು ಬೇರೆ ಏನಿದೆ ಎಂದು ಒಂದೊಂದಾಗಿ ನೆನೆದಳು. ಅವರೆ ಇನ್ನೂ ಹೂವಿನಲ್ಲಿತ್ತು. ಬೇಲಿಗೆ ಹಬ್ಬಿದ ಬೀನ್ಸ್ ಬಳ್ಳಿ ಮಾತ್ರ ಮುದುಡಿ ಒಣಗಿತ್ತು. ಕೊಯ್ಯಲು ಬೇಸರಪಟ್ಟು ಬಿಟ್ಟ ಕಾಯಿಗಳು ಬಳ್ಳಿಯಲ್ಲೇ ಗಲಗಲ ಅನ್ನುತ್ತಿದ್ದವು. ಒಂದನ್ನು ಒಡೆದಳು. ಮೂತ್ರಪಿಂಡದ ಹಾಗೆ ಬಾಗಿದ, ಕಂದು ಬಣ್ಣದ ತುಂಬು ಕಾಳು. ಹುರುಳಿಗಿಂತ ಎಷ್ಟೋ ಅಂದವಾಗಿತ್ತು.

ಮೊರದ ತುಂಬ ಬಿಡಿಸಿಕೊಂಡು ಬಂದು ನೀರಿಗೆ ಹಾಕುವಾಗ ಶೀಲಾ ನೋಡಿದಳು.

"ಅವನ್ನ ಹಸೀವ ಕೊಟ್ರ ನಡೀತೈತೇನ್ರಿ?"

"ಯಾಕ ನಡೆಯಂಗಿಲ್ಲ? ಹುರುಳಿ ಹಸೀದ ಕೊಡ್ತಿದ್ವಿ, ಕಡ್ಲಿ ಹಸೀದ ಕೊಡ್ತಾರ. ನೆನದ್ರ ಆತು. ಹೋದ ತಿಂಗಳ ಇದ ಬಳ್ಳೀನ ಕಾಯಿ ಸುದ್ದಾ ಎಮ್ಮಿ ಮುಂದ ಹಾಕಿಲ್ಲೇನು? ಏನಾತು ಎಮ್ಮಿಗೆ? ಇನ್ನೊಂದ ಅರ್ಧ ಲೀಟರ್ ಜಾಸ್ತಿ ಕೊಟ್ಟಿತು."

ಶೀಲಾ ಪಾತ್ರೆಗೆ ಇನ್ನೊಂದು ತಂಬಿಗೆ ನೀರು ಸುರಿದಳು. ಎಮ್ಮೆ ಜಾಸ್ತಿ ಹಾಲು ಕೊಟ್ಟದ್ದಂತೂ ನಿಜವಾಗಿತ್ತು.

ಬೆಳಿಗ್ಗೆ ಕಾಳು ಉಬ್ಬಿ ಪಾತ್ರೆ ತುಂಬಿತ್ತು. ಸಿಪ್ಪೆ ಗಟ್ಟಿ ಎನ್ನಿಸಿ ವೀರವ್ವ ಒರಳಲ್ಲಿ ಜಜ್ಜಿದಳು. ತವುಡು ಸೇರಿಸಿ, ಮೇಲೆ ಒಂದು ಹಿಡಿ ಬೆಲ್ಲ ಪುಡಿ ಮಾಡಿ ಹಾಕಿ ಕಲಸಿದಳು. ಹಾಗೆ ಕಲಸಿದ ಮೇಲೆ ಅದು ಹುರುಳಿಯೋ ಮತ್ತೊಂದೋ ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಹುರುಳಿ ತೀರಿದ ನಾಚಿಕೆ ಮುಚ್ಚಿದಂತೆಯೂ ಆಯಿತಲ್ಲ ಎಂದು ಅವಳಿಗೆ ಒಳಗೊಳಗೆ ಸಮಾಧಾನವಾಯಿತು.

ಹೊಲದಲ್ಲಿ ಬೇವಿನ ಮರಕ್ಕೆ ಕುದುರೆ ಕಟ್ಟಿತ್ತು. ಗಿಡ್ಡ ಜಾತಿಯ ಹೆಣ್ಣು ಕುದುರೆ. ಮೈ ಕಂದು, ಹಣೆಯ ಮೇಲೆ ಬಿಳಿ ಬೊಟ್ಟು. ಅದಕ್ಕೇ ಚುಕ್ಕಿ ಎಂದು ಹೆಸರು. ಮೊದಲು ಎರಡು ಕುದುರೆ ಇದ್ದವು. ಮುದಿಯದು ಹೋದ ವರ್ಷ ಶಿಗ್ಗಾವಿಯ ಹತ್ತಿರ ತೀರಿಕೊಂಡಿತ್ತು. ಈಗ ಜೋಪಡಿಯ ಗಳ, ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಮರಿಗಳು ಎಲ್ಲವೂ ಚುಕ್ಕಿಯ ಬೆನ್ನ ಮೇಲೇ.

"ಬರ್ರಿ ಯಕ್ಕಾ, ಬರ್ರಿ," ಎಂದಳು ಹೊಳೆವ್ವ, ಮರಿಗೆ ಹಾಲೂಡಿಸುತ್ತಿದ್ದವಳು ಎದ್ದು. "ಇಕಿ ಮುಂಜಾನಿಂದ ದಾರಿ ನೋಡಾಕತ್ತಾಳ. ವರ್ಷಾ ನೆನಪಿಡತಾಳ ನೋಡ್ರಿ. ನನ್ನ ಗಂಡಗ ಮದವಿ ತಾರೀಖ ನೆನಪಿಲ್ಲ, ಇಕಿಗೆ ನಿಮ್ಮ ಬೊಗಸಿ ನೆನಪೈತಿ."

"ನಿನ್ನ ಗಂಡಗ ನೀನೂ ಬೊಗಸೀಲೆ ತಿನ್ನಸು, ನೆನಪಿಟ್ಟಾನು."

"ತಾಟಿನ್ಯಾಗ ಕೊಟ್ಟದ್ದನ್ನ ಉಣ್ಣಂಗಿಲ್ರಿ, ಕುರಿ ಕುರಿ ಅಂತ ಓಡತಾನ."

ವೀರವ್ವ ಬೊಗಸೆ ತುಂಬಿ ಚುಕ್ಕಿಯ ಬಾಯಿಗೆ ಒಡ್ಡಿದಳು. ಕುದುರೆ ಮೂಸಿತು. ಮೂಗಿನ ಹೊಳ್ಳೆ ಅಗಲಿಸಿ ಉಸಿರು ಬಿಟ್ಟು ಮುಖ ಆಚೆ ಮಾಡಿತು.

"ಏ, ಸೊಕ್ಕ ಬಂತೇನ? ವರ್ಷಕ್ಕೊಮ್ಮಿ ಸಿಗೂ ಉಣಿಸು," ಎಂದು ಹೊಳೆವ್ವ ಬಾಯಿಯ ಹಗ್ಗ ಹಿಡಿದು ಮುಖ ಈಚೆ ಎಳೆದಳು. ಬೆಲ್ಲದ ವಾಸನೆಗೆ ಚುಕ್ಕಿ ನಾಲಿಗೆ ಚಾಚಿತು. ಒಂದು ಬೊಗಸೆ ತಿಂದಿತು, ಎರಡನೆಯದನ್ನೂ ತಿಂದಿತು. ಮೂರನೆಯದನ್ನು ಹೊಳೆವ್ವ ಕುತ್ತಿಗೆ ಸವರುತ್ತ, ಬೈಯುತ್ತ, ಅಷ್ಟಿಷ್ಟಾಗಿ ತಿನ್ನಿಸಿದಳು. ಆಮೇಲೆ ಅದು ಬಾಯಿ ತೆರೆಯಲಿಲ್ಲ.

"ಇರಲಿ ಬಿಡ್ರಿ. ಎರಡ ಬೊಗಸಿ ಈ ಡಬರ್ಯಾಗ ಹಾಕ್ರಿ, ಸಂಜಿಕಿ ನಾನ ಕೊಡ್ತೇನಿ. ಹುರುಳಿ ಕೆಡಸಬಾರದು."

ಹುರುಳಿ ಎಂದಾಗ ವೀರವ್ವನ ಬಾಯಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಒಂದು ಮರಿ ಓಡಿ ಹೋಯಿತು, ಹೊಳೆವ್ವ ಅದರ ಹಿಂದೆ ಹೋದಳು. ವೀರವ್ವ ಉಳಿದದ್ದನ್ನು ಡಬರಿಯಲ್ಲಿ ಸುರಿದು ಮೇಲೆ ತಟ್ಟೆ ಮುಚ್ಚಿ ಮನೆಗೆ ಬಂದಳು.

ಊಟದ ಹೊತ್ತಿಗೆ ಮಹಾಲಿಂಗಪ್ಪ ಹೊಲದಿಂದ ಬಂದ. ಕಾಲು ತೊಳೆಯುತ್ತಲೇ ಹೇಳಿದ.

"ಗುದ್ಲೆಪ್ಪನ ಕುದರಿ ನೆಲಕ್ಕ ಬಿದ್ದ ಹೊರಳಾಕತ್ತೈತಿ. ಹೊಟ್ಟಿ ನಗಾರಿ ಆಗೇತಿ. ಮೈಯೆಲ್ಲಾ ಬೆವರು."

ರೊಟ್ಟಿ ಬಡಿಯುತ್ತಿದ್ದ ವೀರವ್ವನ ಕೈ ನಿಂತಿತು. "ಏನ ಆತಂತ?"

"ನಿನ್ನೆ ಸಂಜಿಮುಂದ ಹಗ್ಗಾ ಹರಕೊಂಡ ಹೋಗಿ ಬಾಜೂ ಹೊಲದ ಉಳಿವೆಪ್ಪನ ರಾಶ್ಯಾಗ ಬಾಯಿ ಹಾಕಿತ್ತಂತ. ಮೆಕ್ಕಿಜೋಳ ಉಬ್ಬಿರಬೇಕು. ಹಗ್ಗಾ ಸರಿ ಕಟ್ಟಲಿಲ್ಲ ಅಂತ ಆಕಿ ಗಂಡನ ಮ್ಯಾಲ ಹರಿಹಾಯ್ದಾಳ ನೋಡು, ಅಬಾಬಾ! ಅಂವಾ ಒಂದ ಮಾತಾಡವಲ್ಲ. ದನದ ಡಾಕ್ಟರಿಗೆ ಫೋನ್ ಹಚ್ಯಾರ. ಚಿಕ್ಕೇರೂರ ಕಡೆ ಹೋಗ್ಯಾರಂತ, ಬರಾಕ ತಾಸ ಬೇಕಂತ."

ಅವನು ಉಣ್ಣಲು ಕೂತ. ವೀರವ್ವ ರೊಟ್ಟಿ ಹಾಕಿದಳು. ಬದನೆಕಾಯಿ ಬಡಿಸಿದಳು. ಮೆಕ್ಕೆಜೋಳ ಇರಬಹುದು ಎಂದುಕೊಂಡಳು. ನಿನ್ನೆ ಸಂಜೆ ತಿಂದದ್ದು ಇಂದು ಮಧ್ಯಾಹ್ನ ಉಬ್ಬುತ್ತದೆಯೇ ಎಂದೂ ಅನಿಸಿತು. ಮುಖ ಆಚೆ ತಿರುಗಿಸಿದ ಕುದುರೆ ಕಣ್ಣ ಮುಂದೆ ಬಂತು.

"ಶೀಲಾ," ಎಂದಳು, "ದಸರಾ ಹಿಂದಿನ ವಾರ ನಾವಿಬ್ರೂ ವಾಂತಿ ಮಾಡಿ ಮಲಗಿದ್ವಲ್ಲ, ಅವತ್ತ ಏನ ಮಾಡಿದ್ದಿ?"

"ಎಣ್ಣಿ ಕೆಟ್ಟಿತ್ತಂತ ನೀವ ಅಂದಿದ್ರಿ."

"ಎಣ್ಣಿ ಬಿಡು. ಪಲ್ಯ ಯಾವದು?"

ಶೀಲಾ ಕೊಡ ಇಳಿಸಿ ನಿಂತಳು. "ಬಲಿತ ಬೀನ್ಸ್ ಕಾಳಿಂದು. ನಡುವ ಗ್ಯಾಸ್ ತೀರಿತು. ಅರ್ಧ ಬೆಂದಿದ್ವು. ನಡೀತೈತಿ ಹಾಕು ಅಂದ್ರಿ." ಅವಳ ಕಣ್ಣು ಅತ್ತೆಯ ಮುಖದ ಮೇಲೆ ನಿಂತಿತು. "ಮಾವಾರು ಅವತ್ತ ಅಕ್ಕಿಆಲೂರಿಗೆ ಹೋಗಿದ್ರು. ಅವರೊಬ್ರ ಉಣ್ಣಲಿಲ್ಲ, ಅವರೊಬ್ರಿಗೇ ಏನೂ ಆಗಲಿಲ್ಲ."

ಮಹಾಲಿಂಗಪ್ಪ ತುತ್ತು ಕೈಯಲ್ಲೇ ಹಿಡಿದು ಇಬ್ಬರನ್ನೂ ನೋಡಿದ. "ಏನ ನಡದೈತಿ ಇಲ್ಲೆ?"

ವೀರವ್ವ ಹೇಳಿದಳು. ಹುರುಳಿಗೆ ನುಸಿ ಬಿದ್ದದ್ದು, ಬೀನ್ಸ್ ನೆನೆಸಿದ್ದು, ಜಜ್ಜಿ ಬೆಲ್ಲ ಕಲಸಿದ್ದು, ಮೂರು ಬೊಗಸೆ ತಿನ್ನಿಸಿದ್ದು. ಅವನು ಕೇಳಿಸಿಕೊಂಡು ತುತ್ತನ್ನು ತಟ್ಟೆಗೆ ಹಾಕಿದ.

"ಖಾತ್ರಿ ಐತೇನು, ಅದರಿಂದನ ಆಗೇತಂತ?"

"ಇಲ್ಲ."

"ಮತ್ತ ಸುಮ್ನ ಕುಂದರು. ಅವರ ಬಾಯಿಲೆ ಅವರ ಮೆಕ್ಕಿಜೋಳ ಅನ್ನಾಕತ್ತಾರ. ಡಾಕ್ಟರ್ ಬರತಾರ, ನೋಡತಾರ. ನೀ ಹೋಗಿ ನಾ ಕೊಟ್ಟೇನಿ ಅಂದ್ರ ಏನಾಕ್ಕೈತಿ ಗೊತ್ತೈತೇನು? ಮೂರು ತಲಿಯಿಂದ ಹಿಂಡು ಬರೂ ಹೊಲ ಇದು. ಈ ಮನೀ ಬೊಗಸಿ ಉಂಡ ಕುದರಿ ಸತ್ತಿತಂತ ಒಬ್ಬ ಕುರಬರಂವ ಇನ್ನೊಬ್ಬಗ ಹೇಳಿದ್ರ ಸಾಕು, ಸವಣೂರತನಕ ಮುಟ್ಟತೈತಿ. ಒಂದ ಕುರಿ ಈ ಬದು ಏರಂಗಿಲ್ಲ."

ಅವನು ಕೆಟ್ಟ ಮಾತು ಆಡಿರಲಿಲ್ಲ. ಹೊಲದ ಮಾತು ಆಡಿದ್ದ. ವೀರವ್ವ ಒಲೆಯ ಮುಂದೆ ಕೂತು ಒಂದು ರೊಟ್ಟಿ ಬಡಿದಳು, ಬೇಯಿಸಿದಳು. ಅದು ಉಬ್ಬಿತು, ಕೆಳಗಿಟ್ಟಳು. ಇನ್ನೊಂದಕ್ಕೆ ಹಿಟ್ಟು ತೆಗೆದುಕೊಂಡಾಗ ತಟ್ಟೆ ಮುಚ್ಚಿದ ಡಬರಿ ನೆನಪಾಯಿತು.

ಎರಡು ಬೊಗಸೆ ಇನ್ನೂ ಅಲ್ಲಿತ್ತು. ಸಂಜೆಗೆ ನಾನೇ ಕೊಡುತ್ತೇನೆ ಎಂದಿದ್ದಳು ಹೊಳೆವ್ವ.

ಅವಳು ಹಿಟ್ಟಿನ ಕೈಯಲ್ಲೇ ಎದ್ದಳು. "ಎಲ್ಲಿಗೆ?" ಎಂದ ಮಹಾಲಿಂಗಪ್ಪ. ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು, "ಹೊಲ ನಿಮ್ಮದು, ಹೌದು. ಬೊಗಸಿ ನಂದು."

ದಾರಿಯಲ್ಲಿ ಓಡಲು ಆಗಲಿಲ್ಲ. ಮಂಡಿ ನೋವಿನ ಕಾಲು. ಬದುವಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ, ಯಾವ ಮಾತಿನಿಂದ ಶುರು ಮಾಡುವುದು ಎಂದು ಯೋಚಿಸಿದಳು. ಒಂದೂ ಸರಿ ಅನಿಸಲಿಲ್ಲ. 'ಹಿಂಗಾಗಿರಬಹುದು' ಅನ್ನಬೇಕೋ, 'ಹಿಂಗ ಆಗೇತಿ' ಅನ್ನಬೇಕೋ ತಿಳಿಯಲಿಲ್ಲ.

ಬೇವಿನ ಮರದ ಕೆಳಗೆ ಗುದ್ಲೆಪ್ಪ ಚುಕ್ಕಿಯನ್ನು ಎಬ್ಬಿಸಿ ನಡೆಸುತ್ತಿದ್ದ. ನಾಲ್ಕು ಹೆಜ್ಜೆ ನಡೆದು ಅದು ನಿಲ್ಲುತ್ತಿತ್ತು. ಕತ್ತು ಹೊರಳಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಮುಂಗಾಲಿನಿಂದ ನೆಲ ಕೆರೆದು ಮತ್ತೆ ಕುಸಿಯಲು ನೋಡುತ್ತಿತ್ತು. ಗುದ್ಲೆಪ್ಪನ ಅಂಗಿ ಅದರ ಬೆವರಿಗೆ ಒದ್ದೆಯಾಗಿತ್ತು.

ಹೊಳೆವ್ವ ಬೈಯುವುದನ್ನು ಬಿಟ್ಟಿದ್ದಳು. ಅವಳ ಕೈಯಲ್ಲಿ ಡಬರಿ ಇತ್ತು. ಅದಕ್ಕೆ ಅಜವಾನದ ಪುಡಿ ಉದುರಿಸಿ ಕೈಯಿಂದ ಕಲಸುತ್ತಿದ್ದಳು.

"ಬರ್ರಿ ಯಕ್ಕಾ," ಎಂದಳು. ದನಿ ಬಿದ್ದು ಹೋಗಿತ್ತು. "ಹುರುಳಿ ಕಾವು, ವಾಯು ಒಡೀತೈತಿ. ನಿಮ್ಮ ಕೈದು ಉಳದದ್ದ ಚಲೋ ಆತು. ಎರಡ ತುತ್ತು ಹೊಟ್ಟಿಗೆ ಹೋದ್ರ..."

"ಅದನ್ನ ಕೊಡಬ್ಯಾಡ," ಎಂದಳು ವೀರವ್ವ. ಹತ್ತಿರ ಹೋಗಿ ಡಬರಿಗೆ ಕೈ ಹಾಕಿದಳು. "ಅದು ಹುರುಳಿ ಅಲ್ಲ ಹೊಳೆವ್ವಾ."

"ಆಂ?"

"ಬೀನ್ಸ್ ಕಾಳು. ನಮ್ಮ ಹಿತ್ತಲದ್ದು. ಹುರುಳಿಗೆ ನುಸಿ ಬಿದ್ದಿತ್ತು. ನಾನು ಹಸೀದ ಜಜ್ಜಿ ಕೊಟ್ಟೇನಿ. ಮೆಕ್ಕಿಜೋಳ ಅಲ್ಲ. ನನಗ ಅನ್ನಸತೈತಿ, ಇದ ಇಕಿಗೆ ಬಡದೈತಿ. ನಾವ ಅರ್ಧ ಬೆಂದದ್ದ ತಿಂದು ಬಿದ್ದಿದ್ವಿ. ಅದು ನನಗ ಈಗ ನೆನಪಾತು."

ಹೊಳೆವ್ವ ಡಬರಿಯೊಳಗೆ ನೋಡಿದಳು. ಬೆರಳಿನಿಂದ ತವುಡು ಸರಿಸಿ ಒಂದು ಒಡೆದ ಕಾಳನ್ನು ಹೊರತೆಗೆದಳು. ಕಂದು ಸಿಪ್ಪೆಯನ್ನು ಉಗುರಿನಿಂದ ಸುಲಿದಳು. 

"ಅದು ಬ್ಯಾಡಂತು," ಎಂದಳು ಕೊನೆಗೆ. "ಮಾರಿ ತಿರುವಿತ್ತು. ನಾನ ಹಿಡದ ತಿನ್ನಿಸೇನಿ."

"ನೀ ನನ್ನ ನಂಬಿ ತಿನ್ನಿಸಿದಿ."

"ಹೂಂ. ನಂಬಿ."

ಗುದ್ಲೆಪ್ಪ ಹಗ್ಗ ಹಿಡಿದುಕೊಂಡೇ ನಿಂತಿದ್ದ. ಅವನು ಯಾವಾಗಲೂ ಕಡಿಮೆ ಮಾತಿನವನು. ಈಗ ಅವನ ದನಿ ಏರಿತು. "ಅಕ್ಕಾರ, ಇಲ್ಲ ಅಂದಿದ್ರ ಆಕಿತ್ತಲ್ರಿ," ಎಂದ. "ಈ ವರ್ಷ ಹುರುಳಿ ಇಲ್ಲಪ್ಪಾ ಅಂದಿದ್ರ ನಾವೇನ ಜಗಳಾ ಮಾಡತಿದ್ವೇನ್ರಿ?"

 ಇಲ್ಲ ಎನ್ನಬಹುದಾಗಿತ್ತು ಎಂಬುದು ವೀರವ್ವನಿಗೆ ನಿನ್ನೆಯಿಂದ ಒಮ್ಮೆಯೂ ಹೊಳೆದಿರಲಿಲ್ಲ.

ಗುದ್ಲೆಪ್ಪ ಫೋನು ತೆಗೆದು ಡಾಕ್ಟರಿಗೆ ಮತ್ತೆ ಹಚ್ಚಿದ. ಅದನ್ನು ವೀರವ್ವನ ಕೈಗೆ ಕೊಟ್ಟ. ಅವಳು ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಅತ್ತಲಿಂದ ಪ್ರಶ್ನೆಗಳು ಬಂದವು. ಎಷ್ಟು ಹೊತ್ತಿಗೆ ಕೊಟ್ಟಿರಿ, ಎಷ್ಟು ಕೊಟ್ಟಿರಿ, ನೆನೆಸಿದ ನೀರನ್ನೂ ಕುಡಿಸಿದಿರಾ. ಇನ್ನು ಒಂದು ಕಾಳು ಕೂಡ ಕೊಡಬೇಡಿ, ನಿಧಾನ ನಡೆಸುತ್ತಿರಿ, ಹೊರಳಲು ಬಿಡಬೇಡಿ, ಹೊರಟೆ ಎಂದರು.

ಡಾಕ್ಟರು ತನುಜಾ ಎಂಬ ಎಳೆಯ ವಯಸ್ಸಿನವರು. ಸ್ಕೂಟರಿನಲ್ಲಿ ಬಂದಿಳಿದು ನೇರವಾಗಿ ಚುಕ್ಕಿಯ ಒಸಡು ಒತ್ತಿ ನೋಡಿದರು, ಹೊಟ್ಟೆಗೆ ಕಿವಿ ಕೊಟ್ಟರು. ನೋವಿಗೆ ಸೂಜಿ ಹಾಕಿದರು. ಮೂಗಿನಿಂದ ಉದ್ದನೆಯ ನಳಿಕೆ ಇಳಿಸಿದರು. ಹೊಳೆವ್ವ ತಲೆ ಅಪ್ಪಿ ಹಿಡಿದಳು. ಮೊದಲು ಒಳಗಿನದು ಒಂದಷ್ಟು ಹೊರಗೆ ಬಂತು, ಹುಳಿ ನಾತದ ನೀರು, ಅದರಲ್ಲಿ ಕಂದು ಸಿಪ್ಪೆಗಳು. ವೀರವ್ವ ಅದನ್ನು ನೋಡಿದಳು. ಖಾತ್ರಿ ಇಲ್ಲ ಎಂದು ಗಂಡನಿಗೆ ಹೇಳಿದ್ದಳು. ಇನ್ನು ಹಾಗೆನ್ನುವಂತಿರಲಿಲ್ಲ. ಆಮೇಲೆ ಇದ್ದಿಲಿನಂಥ ಕರಿ ಪುಡಿ ಕಲಸಿದ ನೀರು, ಎಣ್ಣೆ ಒಳಗೆ ಹೋದವು. ಬೇವಿನ ಟೊಂಗೆಗೆ ಸಲೈನ್ ಬಾಟಲಿ ನೇತುಬಿತ್ತು.

"ಬೀನ್ಸ್ ಕಾಳು ಹಸೀದಿದ್ರ ಅದ್ರಾಗ ನಂಜು ಇರತೈತ್ರಿ," ಎಂದರು ಡಾಕ್ಟರು ಕೈ ತೊಳೆಯುತ್ತ. "ಬರೇ ನೆನಸಿದ್ರ ಹೋಗಂಗಿಲ್ಲ. ನೀರ ಚೆಲ್ಲಿ, ಹೊಸಾ ನೀರಾಗ ಕೊತಕೊತ ಕುದಿಸಬೇಕು. ಮನಿಷ್ಯಾರಿಗೂ ಅಷ್ಟ, ಕುದರಿಗೂ ಅಷ್ಟ."

"ಎಮ್ಮಿಗೆ ಏನೂ ಆಗಲಿಲ್ರೀ ಡಾಕ್ಟರವ್ವಾರ," ಎಂದಳು ವೀರವ್ವ. ತಪ್ಪಿಸಿಕೊಳ್ಳಲು ಅಲ್ಲ, ತಿಳಿದುಕೊಳ್ಳಲು.

"ನೀವ ಎಮ್ಮಿಗೆ ಹಾಕಿದ್ದು ಕಾಯಿ, ಅದೂ ಸೊಲ್ಪ. ಮತ್ತ ಎಮ್ಮಿ ಮೆಲಕ ಹಾಕತೈತಿ. ಅದರ ಮೊದಲನೇ ಹೊಟ್ಟ್ಯಾಗ ಎಷ್ಟೋ ನಂಜು ಸತ್ತ ಹೊಕ್ಕೈತಿ. ಕುದರಿದು ಒಂದ ಹೊಟ್ಟಿ, ಪಾಪ. ತಿಂದದ್ದನ್ನ ವಾಂತಿ ಮಾಡಾಕೂ ಬರಂಗಿಲ್ಲ ಅದಕ್ಕ." ಡಬರಿಯ ಕಡೆ ನೋಡಿ ಕೇಳಿದರು, "ಅದು ಉಳದದ್ದೇನು?"

"ಕೊಡೂದ್ರಾಗಿದ್ದೆ," ಎಂದಳು ಹೊಳೆವ್ವ.

ಡಾಕ್ಟರು ಡಬರಿ ಎತ್ತಿ ದೂರ ಹೋಗಿ, ಕಾಲಿನಿಂದ ಗುಂಡಿ ಮಾಡಿ ಸುರಿದು ಮಣ್ಣು ಮುಚ್ಚಿ ಬಂದರು.

ಹೊತ್ತು ಮುಳುಗುವ ವೇಳೆಗೆ ಚುಕ್ಕಿ ಸದ್ದು ಮಾಡಿ ಲದ್ದಿ ಹಾಕಿತು. ಗುದ್ಲೆಪ್ಪ ಹೊಲದ ನಡುವೆ ನಿಂತು ಮುಖಕ್ಕೆ ಟವಲು ಒತ್ತಿಕೊಂಡ. ಬದುಕುತ್ತದೆ, ಆದರೆ ಎಂಟು ಹತ್ತು ದಿನ ಬೆನ್ನಿಗೆ ಒಂದು ಸೇರು ಭಾರವನ್ನೂ ಹೇರಬೇಡಿ, ದೂರ ನಡೆಸಬೇಡಿ ಎಂದು ಡಾಕ್ಟರು ಹೇಳಿ ಹೋದರು.

ಈಗ ಬೇರೆ ತೊಡಕು ಎದ್ದಿತು. ಹಿಂಡು ಬೆಳಿಗ್ಗೆ ಹೊರಡಲೇಬೇಕಿತ್ತು. ಈ ಹೊಲದಲ್ಲಿ ಕುರಿ ಕಚ್ಚುವಂಥ ಒಂದು ಗರಿಯೂ ಉಳಿದಿರಲಿಲ್ಲ. ಅಕ್ಕಿಆಲೂರಿನ ಭತ್ತದ ಗದ್ದೆಯವರು ಕಾದಿದ್ದರು. ಮೂರು ದಿನದ ದಾರಿ. ಕುದುರೆಯಿಲ್ಲದೆ ಬಿಡಾರ ಏಳುವುದಿಲ್ಲ. ಹೊಳೆವ್ವ ಉಳಿದರೆ ಮರಿಗಳನ್ನು ನೋಡುವವರಿಲ್ಲ, ಕುರಿ ಹೊಡೆಯುವ ಗಂಡಸರಿಗೆ ರೊಟ್ಟಿ ಬಡಿಯುವವರಿಲ್ಲ.

ಕತ್ತಲಾಗುವ ಮೊದಲು ಬದುವಿನ ಮೇಲೆ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ಮಹಾಲಿಂಗಪ್ಪ ಟ್ರೇಲರ್ ಹಚ್ಚಿಕೊಂಡೇ ಬಂದಿದ್ದ. ಇಳಿದು ಹೆಂಡತಿಯ ಕಡೆ ನೋಡಲಿಲ್ಲ. ಗುದ್ಲೆಪ್ಪನಿಗೆ ಹೇಳಿದ, "ನಿನ್ನ ಸಾಮಾನೆಲ್ಲಾ ಇದ್ರಾಗ ಹಾಕು. ಮರೀನೂ ಹಾಕು. ಮುಂಜಾನೆ ಅಕ್ಕಿಆಲೂರಿನ ಗದ್ದಿಗೆ ನಾನ ಮುಟ್ಟಿಸಿ ಬರ್ತೇನಿ. ನೀವು ಕುರಿ ಹೊಡಕೊಂಡ ಹಿಂದ ಬರ್ರಿ."

"ಕುದರಿ?" ಎಂದ ಗುದ್ಲೆಪ್ಪ.

"ಇಕಿ ನಮ್ಮ ಹಿತ್ತಲದಾಗ ಇರಲಿ," ಎಂದಳು ವೀರವ್ವ. ಕುದುರೆಯನ್ನು ಊರಿನವರ ಮನೆಯಲ್ಲಿ ಬಿಟ್ಟು ಹೋಗುವುದು ಅವರ ಕುಲದಲ್ಲೇ ಇರಲಿಲ್ಲ. ಕುರಿಯನ್ನಾದರೂ ಬಿಟ್ಟಾರು.

ಹೊಳೆವ್ವ ಚುಕ್ಕಿಯ ಕುತ್ತಿಗೆಯ ಬೆವರು ಒರೆಸುತ್ತಿದ್ದಳು. ಒರೆಸುತ್ತಲೇ, ತಿರುಗದೆ ಕೇಳಿದಳು, "ಏನ ಹಾಕ್ತೀರಿ ಯಕ್ಕಾ ಇಕಿಗೆ?"

"ಡಾಕ್ಟರ್ ಹೇಳಿದಂಗ ಒಣಾ ಹುಲ್ಲು. ಬೆಚ್ಚನ್ನ ನೀರು. ನೀ ಫೋನಿನ್ಯಾಗ ಹೇಳಿದ್ದು ಬಿಟ್ರ ಮತ್ತೊಂದ ಕಡ್ಡಿ ಹಾಕಂಗಿಲ್ಲ."

"ಚಲೋ ಕಾಣ್ತಂತ, ಪಾಪ ಅನಸ್ತಂತ?"

"ಏನ ಅನಿಸಿದ್ರೂ ಹಾಕಂಗಿಲ್ಲ."

ಹೊಳೆವ್ವ ಹಗ್ಗದ ತುದಿಯನ್ನು ಎರಡು ಸುತ್ತು ತನ್ನ ಕೈಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ವೀರವ್ವನ ಕೈಯಲ್ಲಿ ಇಟ್ಟಳು. "ಸುಳ್ಳ ಹೇಳೂವಾಕಿ ಆಗಿದ್ರ ನೀವು ಮಧ್ಯಾಹ್ನನ ಅದು ಹುರುಳಿ ಅಂತ ಹೇಳತಿದ್ರಿ," ಎಂದಳು. "ಬಾಯಿ ಮುಚ್ಕೊಂಡ ಮನ್ಯಾಗ ಕುಂತಿದ್ರ ನಾನ ನನ್ನ ಕೈಯಾರ ಉಳದದ್ದ ತಿನ್ನಿಸಿ ಕೊಲ್ತಿದ್ದೆ. ಅಷ್ಟ ನೋಡ್ರಿ."

ಚುಕ್ಕಿ ಒಂಬತ್ತು ದಿನ ಹಿತ್ತಲಿನಲ್ಲಿ ಇತ್ತು. ಎಮ್ಮೆಗೆ ಅದು ಹಿಡಿಸಲಿಲ್ಲ, ಅದಕ್ಕೆ ಎಮ್ಮೆ ಹಿಡಿಸಲಿಲ್ಲ. ದಿನಕ್ಕೆ ನಾಲ್ಕು ಸಲ ಹೊಳೆವ್ವನ ಫೋನು. ಲದ್ದಿಯ ಬಣ್ಣ ಕೇಳುತ್ತಿದ್ದಳು, ಕಿವಿ ಬಿಸಿ ಇದೆಯೇ ಎಂದು ಕೇಳುತ್ತಿದ್ದಳು, ಫೋನನ್ನು ಅದರ ಕಿವಿಗೆ ಹಿಡಿಯಿರಿ ಎನ್ನುತ್ತಿದ್ದಳು. ಹಿಡಿದರೆ ಚುಕ್ಕಿ ಕಿವಿ ನಿಮಿರಿಸುತ್ತಿತ್ತು. ಶೀಲಾ ಹುಲ್ಲು ಒಡ್ಡಿದರೆ ಅವಳ ಕೈಯಿಂದಲೇ ತಿನ್ನುತ್ತಿತ್ತು. ವೀರವ್ವ ಒಡ್ಡಿದರೆ ಮುಖ ಆಚೆ ಮಾಡುತ್ತಿತ್ತು. ಅವಳು ಹುಲ್ಲು ಕೆಳಗಿಟ್ಟು, ಹಿತ್ತಲ ಬಾಗಿಲವರೆಗೆ ಸರಿದು, ಬೆನ್ನು ಮಾಡಿ ನಿಂತ ಮೇಲೆ ಹಿಂದಿನಿಂದ ಅಗಿಯುವ ಸದ್ದು ಕೇಳಿಸುತ್ತಿತ್ತು. ಹಾಗೆ ಬೆನ್ನು ಮಾಡಿ ನಿಲ್ಲುವುದು ಅವಳಿಗೆ ರೂಢಿಯಾಯಿತು.

ಒಣಗಿದ ಬೀನ್ಸ್ ಬಳ್ಳಿಯನ್ನು ಕಿತ್ತು ಒಗೆಯಲೇ ಎಂದು ಶೀಲಾ ಕೇಳಿದಳು. "ಬಳ್ಳಿ ಏನ ಮಾಡೇತಿ?" ಎಂದಳು ವೀರವ್ವ. "ಕಾಳು ಬಿಡಿಸಿ ಡಬ್ಬ್ಯಾಗ ಹಾಕಿಡು. ಕುದಿಸಿದ್ರ ಪಲ್ಯ ಆಕ್ಕೈತಿ. ಡಬ್ಬಿ ಮ್ಯಾಲ ಬರಿ."

"ಏನಂತ ಬರೀಲಿ?"

"ದನಾ ಕರಕ್ಕ ಅಲ್ಲಂತ ಬರಿ. ಕುದರಿಗಂತೂ ಅಲ್ಲಂತ ಬರಿ."

ಹತ್ತನೆಯ ದಿನ ಹೊಳೆವ್ವ ಎರಡು ಬಸ್ಸು ಬದಲಿಸಿ ಬಂದಿಳಿದಳು. ದೂರದಿಂದಲೇ ನಾಲಿಗೆ ಮಡಿಸಿ ಒಂದು ಸದ್ದು ಮಾಡಿದಳು. ಹಿತ್ತಲೊಳಗೆ ಚುಕ್ಕಿ ಬೇಲಿ ಮುರಿಯುವಂತೆ ಕುಣಿಯಿತು. ಹೊಳೆವ್ವ ಅದರ ಹೊಟ್ಟೆ ತಡವಿದಳು, ಗೊರಸು ಎತ್ತಿ ನೋಡಿದಳು, ಒಸಡು ನೋಡಿದಳು. ಆಮೇಲೆಯೇ ಮನೆಯೊಳಗೆ ಬಂದು ನೀರು ಕುಡಿದಳು, ಉಂಡಳು.

ಹೊರಡುವಾಗ ವೀರವ್ವ ಅಂಗಳದಲ್ಲಿ ಸುಮ್ಮನೆ ನಿಂತಿದ್ದಳು. ಕೈ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಎರಡ ಬೊಗಸಿ ಉಳದಾವ್ರಿ ಯಕ್ಕಾ," ಎಂದಳು ಹೊಳೆವ್ವ.

"ಹುರುಳಿ ಇಲ್ಲ ಹೊಳೆವ್ವಾ." ಆ ಮಾತು ಬಾಯಿಂದ ಬಂದಾಗ ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

"ಇಲ್ಲಂದ್ರ ಖಾಲಿ ಕೈ ತೋರಸ್ರಿ. ಅದೂ ನಡೀತೈತಿ."

ವೀರವ್ವ ಎರಡೂ ಅಂಗೈ ಕೂಡಿಸಿ ಚುಕ್ಕಿಯ ಮುಂದೆ ಹಿಡಿದಳು. ಕುದುರೆ ಕತ್ತು ಚಾಚಿತು. ಬಿಸಿ ಉಸಿರು ಅಂಗೈಗೆ ತಾಕಿತು. ಅಂಗೈಯ ಗೆರೆಗೆರೆ ಮೂಸಿತು, ಬೆರಳ ಸಂದಿ ಮೂಸಿತು. ನೆಕ್ಕಲಿಲ್ಲ. ಆದರೆ ಮುಖವನ್ನು ಆಚೆಗೂ ಮಾಡಲಿಲ್ಲ.

"ಇನ್ನೂ ಸಿಟ್ಟೈತಿ," ಎಂದು ಹೊಳೆವ್ವ ನಕ್ಕಳು. "ಹೋಗಲಿ ಬಿಡ್ರಿ, ಮುಂದಿನ ವರ್ಷ ಕೇಳೂಣು."

ಕುದುರೆಯೂ ಹೆಂಗಸೂ ರಸ್ತೆಯ ತಿರುವು ದಾಟುವವರೆಗೆ ವೀರವ್ವ ನೋಡುತ್ತ ನಿಂತಳು. ಮಹಾಲಿಂಗಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವಳು ಬಂದು ಮಗ್ಗುಲಲ್ಲಿ ಕೂತಳು.

"ಬೇವಿನ ಗಿಡದ ಬಾಜೂಕ ನನಗ ನಾಕ ಸಾಲ ಬೇಕ್ರಿ. ಹುರುಳಿ ಹಾಕ್ತೇನಿ."

"ಮೆಕ್ಕಿಜೋಳದ ನಡುವ ನಾಕ ಸಾಲ ಹುರುಳಿ? ಮಂದಿ ನಗತಾರ."

"ನಗಲಿ."

ಅವನು ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ. ಒಂದಿಷ್ಟು ಅಗಿದ. "ಗಿಡದ ನೆರಳಿಗೆ ಹುರುಳಿ ಬರಂಗಿಲ್ಲ," ಎಂದ. "ಮೂಡಲ ಬದುವಿನ ಕಡೆ ತಗೋ."